ಬಿ.ಪಿ. ಗುಳಿಗೆ ಎಲ್ಲಾ ಒಂದೇ ಅಲ್ಲ

ಹೊಲಕ್ಕೆ ನೀರು ಹಾಯಿಸುವ ಮೋಟರ್ ನೋಡಿದ್ದೀರಿ. ಪೈಪಿನ ಬಾಯಿ ಸಣ್ಣದಾದರೆ ಮೋಟರ್ ಮೇಲೆ ಭಾರ ಬೀಳುತ್ತದೆ. ನಮ್ಮ ಎದೆಯಲ್ಲೂ ಒಂದು ಪಂಪು ಇದೆ. ಅದೇ ಹೃದಯ. ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ರಕ್ತನಾಳಗಳು ಅದರ ಪೈಪುಗಳು.

ನಾಳ ಬಿಗಿಯಾದರೆ ರಕ್ತದ ಒತ್ತಡ ಏರುತ್ತದೆ. ಇದಕ್ಕೇ ನಾವು ಬಿ.ಪಿ. ಅನ್ನುತ್ತೇವೆ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಬಿ.ಪಿ. ಹೆಚ್ಚಿದೆ ಅಂತ ತಿಳಿಯಿರಿ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಹೃದಯದ ಗೋಡೆ ದಪ್ಪವಾಗುತ್ತದೆ, ಪೆಡಸಾಗುತ್ತದೆ. ಕೆಲವರ ಹೃದಯ ಮುಂದೆ ಹಿಗ್ಗಿ, ಬಲ ಕಳೆದುಕೊಳ್ಳುತ್ತದೆ. ಇದಕ್ಕೆ ಹೃದಯ ವೈಫಲ್ಯ ಅನ್ನುತ್ತಾರೆ. ಹೃದಯ ನಿಂತಿತು ಅಂತ ಇದರ ಅರ್ಥವಲ್ಲ. ಪಂಪು ದಣಿದಿದೆ ಅಂತ ಅರ್ಥ. ಆಗ ನಾಲ್ಕು ಹೆಜ್ಜೆ ನಡೆದರೂ ದಮ್ಮು ಹತ್ತುತ್ತದೆ, ಕಾಲು ಬಾಯುತ್ತವೆ.

ಕ್ಯಾಲ್ಸಿಯಂ ಅಂದರೆ ನಮಗೆ ಎಲುಬು ನೆನಪಾಗುತ್ತದೆ. ಸ್ನಾಯು ಬಿಗಿಯಾಗಲೂ ಕ್ಯಾಲ್ಸಿಯಂ ಬೇಕು. ರಕ್ತನಾಳದ ಗೋಡೆಯಲ್ಲಿ ಸ್ನಾಯು ಇದೆ. ಅಲ್ಲಿ ಕ್ಯಾಲ್ಸಿಯಂ ಒಳಗೆ ಹೋಗಲು ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ. ಕೆಲವು ಗುಳಿಗೆ ಈ ಬಾಗಿಲನ್ನು ತಡೆಯುತ್ತವೆ. ಆಗ ನಾಳ ಸಡಿಲಾಗುತ್ತದೆ, ಬಿ.ಪಿ. ಇಳಿಯುತ್ತದೆ. ಹಾಗಾದರೆ ಹಾಲು, ಮೊಸರು ಬಿಡಬೇಕೇ? ಬೇಡ. ಅವಕ್ಕೂ ಈ ಗುಳಿಗೆಗೂ ಜಗಳವಿಲ್ಲ.

ಈ ಜಾತಿಯ ಗುಳಿಗೆಗಳಲ್ಲಿ ನಮ್ಮ ಕಡೆ ಬಹಳ ಜನ ತಗೊಳ್ಳುವುದು ಅಮ್ಲೋಡಿಪಿನ್. ಇದು ಹೆಚ್ಚಾಗಿ ನಾಳದ ಮೇಲೆ ಕೆಲಸ ಮಾಡುತ್ತದೆ. ಡಿಲ್ಟಿಯಾಜೆಮ್, ವೆರಾಪಮಿಲ್ ಕೂಡ ಇದೇ ಮನೆತನದವು. ಆದರೆ ಅವು ಹೃದಯದ ಬಡಿತವನ್ನೂ ನಿಧಾನ ಮಾಡುತ್ತವೆ, ಅದರ ಬಲವನ್ನೂ ತಗ್ಗಿಸುತ್ತವೆ. ಪಂಪಿನ ಬಲ ಕಡಿಮೆಯಾದವರಿಗೆ ಅವು ಕೆಡುಕು ಮಾಡಬಹುದು. ಬಲ ಎಷ್ಟಿದೆ ಎಂಬುದು ಎಕೋ ಪರೀಕ್ಷೆಯಲ್ಲಿ ತಿಳಿಯುತ್ತದೆ.

ಅಮ್ಲೋಡಿಪಿನ್ ಹಾಗಲ್ಲ. ಹೃದಯ ಬಹಳ ಸೋತಿದ್ದ 1,153 ಜನರನ್ನು ಆರಿಸಿ, ಅರ್ಧದಷ್ಟು ಜನರಿಗೆ ಇದನ್ನು ಕೊಟ್ಟು ನೋಡಿದ್ದರು. 1996ರಲ್ಲಿ ಅದರ ಫಲ ಹೊರಬಂತು. ಗುಳಿಗೆ ತಗೊಂಡವರಲ್ಲಿ ಸಾವು ಹೆಚ್ಚಲಿಲ್ಲ. ಹಾಗಂತ ಇದು ಹೃದಯಕ್ಕೆ ಬಲ ತುಂಬುವ ಔಷಧಿಯೂ ಅಲ್ಲ. ಅದಕ್ಕೆ ಬೇರೆ ಗುಳಿಗೆಗಳಿವೆ. ಅವನ್ನು ತಗೊಂಡರೂ ಬಿ.ಪಿ. ಇಳಿಯದಿದ್ದಾಗ ಡಾಕ್ಟರು ಇದನ್ನು ಸೇರಿಸಬಹುದು.

ಈಗ ಈ ಮಾತು ಓದಿ.

"ಅಕ್ಕಾ, ನನ್ನ ಬಿ.ಪಿ. ಗುಳಿಗಿ ಮುಗದಾವ. ನಿಮ್ಮವು ಎರಡು ಕೊಡ್ರಿ."

"ತಗೋ ತಂಗಿ. ಎಲ್ಲಾ ಬಿ.ಪಿ. ಗುಳಿಗಿನೇ ಅಲ್ಲೇನು?"

ಅಕ್ಕನ ಮನಸ್ಸು ಒಳ್ಳೆಯದು. ಆದರೆ ಅಕ್ಕನದು ಡಿಲ್ಟಿಯಾಜೆಮ್ ಆಗಿದ್ದು, ತಂಗಿಯ ಹೃದಯದ ಬಲ ಕಡಿಮೆ ಇದ್ದರೆ? ಸಕ್ಕರೆ, ಚಹಾಪುಡಿ ಸಾಲ ಕೊಡಿ. ಗುಳಿಗೆ ಬೇಡ.

ಇನ್ನೊಂದು ತೊಡಕು ಇದೆ. ಅಮ್ಲೋಡಿಪಿನ್ ತಗೊಂಡ ಕೆಲವರ ಪಾದ ಬಾಯುತ್ತವೆ. ಹೃದಯ ಸೋತರೂ ಪಾದ ಬಾಯುತ್ತವೆ. ಯಾವುದರಿಂದ ಬಂದ ಬಾವು ಅಂತ ಮನೆಯಲ್ಲಿ ಕೂತು ಹೇಳಲಾಗದು. ಡಾಕ್ಟರಿಗೆ ತೋರಿಸಿ. ನೀವೇ ಗುಳಿಗೆ ಬಿಡಬೇಡಿ, ಬಿ.ಪಿ. ಮತ್ತೆ ಏರುತ್ತದೆ. ಬಾವಿನ ಜೊತೆ ದಮ್ಮು ಇದ್ದರೆ, ಅಥವಾ ಎರಡು ಮೂರು ದಿನದಲ್ಲಿ 2 ಕಿಲೋ ತೂಕ ಏರಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುವಂತಾದರೆ ಬೆಳಗಾಗಲಿ ಅನ್ನಬೇಡಿ. 108ಕ್ಕೆ ಫೋನ್ ಮಾಡಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗೇ ಇರಲಿ. ಅಂದರೆ ಒಂದು ಸಣ್ಣ ಚಮಚ. ಶೇಂಗಾ ಚಟ್ನಿ, ಹಪ್ಪಳದ ಉಪ್ಪೂ ಈ ಲೆಕ್ಕದಲ್ಲೇ ಬರುತ್ತದೆ. ನಮ್ಮ ಕಡೆಯವರಿಗೆ ಇದೇ ಕಷ್ಟ! ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್‌ನಂಥ ಗುಳಿಗೆಯೂ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಡಾಕ್ಟರನ್ನು ಕೇಳದೆ ನುಂಗಬೇಡಿ.

ಓದಿ, ಬರೆಯಿರಿ

ಮನೆಯಲ್ಲಿರುವ ಬಿ.ಪಿ. ಗುಳಿಗೆಯ ಪಟ್ಟಿಯನ್ನು ತರಗತಿಗೆ ತನ್ನಿ. ಅದರ ಮೇಲಿನ ಅಕ್ಷರ ಇಂಗ್ಲಿಷಿನಲ್ಲಿರುತ್ತದೆ. ಡಾಕ್ಟರು ಮರಾಠಿಯಲ್ಲಿ ಹೇಳಿರಬಹುದು. ನಿಮ್ಮ ವಹಿಯಲ್ಲಿ ಕನ್ನಡದಲ್ಲೇ ಬರೆಯಿರಿ: ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ವಹಿ ಒಯ್ಯಿರಿ. ಅಲ್ಲಿ ಕೇಳಿ: "ನನ್ನ ಹೃದಯದ ಬಲ ಎಷ್ಟೈತ್ರಿ? ಈ ಗುಳಿಗಿ ಅದಕ್ಕ ನಡೀತೈತೇನ್ರಿ?"