‘ಮುಲ್ಲರ್’ ಎಂಬ ಮನೆತನದ ಹೆಸರು

ಸಾಯಣಭಾಷ್ಯಸಹಿತವಾದ ಋಗ್ವೇದವನ್ನು 1849ರಿಂದ 1874ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ಮ್ಯಾಕ್ಸ್ ಮುಲ್ಲರರ ಹೆಸರು ನಮ್ಮ ಅಧ್ಯಾಪಕವರ್ಗಕ್ಕೆ ಅಪರಿಚಿತವಲ್ಲ. ಮಂಗಳೂರಿನ ಕಡೆಯವರು ಇನ್ನೊಬ್ಬ ಮುಲ್ಲರರನ್ನೂ ಬಲ್ಲರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರರು. ಇವರೀರ್ವರೂ ದಾಯಾದಿಗಳೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಹೆಸರೊಂದಾದ ಮಾತ್ರಕ್ಕೆ ಹಾಗೆ ಊಹಿಸಲಾಗದು. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ದೇಶಗಳೆರಡರಲ್ಲಿಯೂ ಅತ್ಯಂತ ಹೆಚ್ಚು ಪ್ರಚಾರದಲ್ಲಿರುವ ಮನೆತನದ ಹೆಸರು ಇದೇ. ಜರ್ಮನಿಯಲ್ಲಂತೂ ಹೆಚ್ಚುಕಡಿಮೆ ನೂರಕ್ಕೊಬ್ಬರು ಮುಲ್ಲರರು.

ಪದದ ಅರ್ಥ ಸರಳವಾದುದು: ಹಿಟ್ಟಿನ ಗಿರಣಿಯವನು. ಲ್ಯಾಟಿನ್ನಿನ ‘ಮೋಲಿನಾರಿಯುಸ್’ ಎಂಬುದು ಹಳೆಯ ಜರ್ಮನ್ನಿನಲ್ಲಿ ‘ಮುಲಿನಾರಿ’ಯಾಗಿ, ಸವೆದು ಸವೆದು ‘ಮುಲ್ಲರ್’ ಎಂದು ನಿಂತಿತು. ಉತ್ತರದ ಸೀಮೆಯಲ್ಲಿ ಇದೇ ‘ಮೋಲ್ಲರ್’. ಅಮೆರಿಕೆಗೆ ವಲಸೆ ಹೋದವರಲ್ಲಿ ಅನೇಕರು ‘ಮಿಲ್ಲರ್’ ಆದರು.

ಇಷ್ಟೊಂದು ಮುಲ್ಲರರು ಹುಟ್ಟಿದ್ದೇಕೆ? ನದಿ ತೊರೆಗಳ ನೀರಿನಿಂದ ತಿರುಗುವ ಗಿರಣಿಗಳು ಆ ನಾಡಿನಲ್ಲೆಲ್ಲ ಹರಡಿದ್ದವು. ಊರ ತುಂಬ ಉಳುವವರೇ ಇರುವಲ್ಲಿ ಉಳುಮೆಯಿಂದ ಒಬ್ಬನನ್ನು ಗುರುತಿಸುವುದು ಕಷ್ಟ, ಗಿರಣಿಯವನಾದರೋ ಊರಿಗೊಬ್ಬ. ಆದರೆ ಅದು ಗೌರವದ ಹೆಸರಾಗಿತ್ತೆಂದು ಭಾವಿಸಬೇಕಾಗಿಲ್ಲ. ಪ್ರಭುವಿನ ಗಿರಣಿಯಲ್ಲಿಯೇ ಕಾಳು ಬೀಸಿಸಬೇಕೆಂಬ ಕಟ್ಟಳೆ ಅನೇಕ ಕಡೆ ಇದ್ದುದರಿಂದ, ಹಿಟ್ಟು ಕದಿಯುವವನೆಂಬ ಅಪವಾದ ಗಿರಣಿಯವನ ಬೆನ್ನು ಬಿಡಲಿಲ್ಲ. ಕೆಲವು ಸೀಮೆಗಳಲ್ಲಿ ಅವನ ವೃತ್ತಿಯನ್ನು ಹೀನವೆಂದೇ ಎಣಿಸಿದರು.

ಹೆಸರು ಮಾತ್ರ ವೃತ್ತಿಯನ್ನು ಬಿಟ್ಟು ಮುಂದೆ ನಡೆಯಿತು. ಮ್ಯಾಕ್ಸ್ ಮುಲ್ಲರರ ಅಜ್ಜ ದೆಸ್ಸಾವ್ ಪಟ್ಟಣದ ದರ್ಜಿ. ತಂದೆ ವಿಲ್ಹೆಲ್ಮ್ ಮುಲ್ಲರ್ ಕವಿ. ದರ್ಜಿಯ ಮಗನಾದ ಈ ಕವಿಯೇ ಗಿರಣಿಯವನ ಮಗಳನ್ನು ಕುರಿತು ಪದ್ಯಮಾಲೆ ರಚಿಸಿದುದು, ಅದಕ್ಕೆ ಶೂಬರ್ಟ್ 1823ರಲ್ಲಿ ರಾಗ ಸಂಯೋಜಿಸಿದುದು ಒಂದು ಸೋಜಿಗ! ಬರಿಯ ‘ಮುಲ್ಲರ್’ ಎಂದರೆ ಸಾವಿರಾರು ಜನರಲ್ಲಿ ಕಳೆದುಹೋಗುವ ಹೆಸರೆಂದು ಮಗನು ‘ಮ್ಯಾಕ್ಸ್’ ಎಂಬುದನ್ನೂ ಮನೆತನದ ಹೆಸರಿಗೆ ಸೇರಿಸಿಕೊಂಡನು.

ಜರ್ಮನಿಯ ದಕ್ಷಿಣ ಹಾಗೂ ಪಶ್ಚಿಮದ ಪಟ್ಟಣಗಳಲ್ಲಿ ಇಂತಹ ಹೆಸರುಗಳು ಬೇರೂರತೊಡಗಿದ್ದು ಹನ್ನೆರಡನೆಯ ಶತಮಾನದಲ್ಲಿ. ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣರು ತಮ್ಮ ಕಾಯಕವನ್ನೇ ಹೆಸರಿನ ಮುಂದಿಟ್ಟುಕೊಂಡಿದ್ದರು. ಎರಡಕ್ಕೂ ಸಂಬಂಧವಿಲ್ಲ, ನಿಜ. ಆದರೂ ಪ್ರವೇಶ ಸಮಯದಲ್ಲಿ ದಾಖಲೆ ಪುಸ್ತಕವನ್ನು ತೆರೆದು ಕುಳಿತಾಗ ಈ ವಿಷಯ ನನ್ನನ್ನು ಕಾಡುತ್ತದೆ. ತಂದೆಯೊಬ್ಬರು ಮೇಜಿನ ಬಳಿ ಬಾಗಿ, “ಹಡಪದ ಅಂತ ಬರೀಬ್ಯಾಡ್ರಿ, ಊರ ಹೆಸರು ಹಾಕ್ರಿ” ಎಂದು ಮೆಲ್ಲನೆ ಹೇಳಿದರು. ಮಗ ಪಕ್ಕದಲ್ಲಿಯೇ ನಿಂತು ಕೇಳುತ್ತಿದ್ದ. ನಾನು ಊರ ಹೆಸರನ್ನೇ ಬರೆದೆ. ಜರ್ಮನಿಯಲ್ಲಿ ದರ್ಜಿ, ಬೆಸ್ತ, ನೇಕಾರ ಎಂಬರ್ಥದ ಷ್ನೈಡರ್, ಫಿಷರ್, ವೇಬರ್ ಎಂಬ ಹೆಸರುಗಳು ಮುಲ್ಲರನ ಹಿಂದೆಯೇ ಮೊದಲ ಸಾಲಿನಲ್ಲಿವೆ. ಅಲ್ಲಿ ಅವುಗಳಿಂದ ಇಂದು ಯಾರ ಕುಲವನ್ನೂ ಅಳೆಯುವುದಿಲ್ಲ.

ನಮ್ಮಲ್ಲಿ ಕುಂಬಾರ, ಕಮ್ಮಾರ, ಬಡಿಗೇರ, ಗಾಣಿಗೇರ ಎಂಬ ಅಡ್ಡಹೆಸರುಗಳಿವೆ. ಹಿಟ್ಟು ಬೀಸುವ ಕಸುಬಿನ ಅಡ್ಡಹೆಸರು ಮಾತ್ರ ನಾನು ತುಂಬಿದ ಪುಟಗಳಲ್ಲಿ ಒಂದೂ ಬಂದಿಲ್ಲ. ಕಾರಣ ದೂರವಿಲ್ಲ. ಇಲ್ಲಿ ಕಾಳನ್ನು ಬೀಸಿದುದು ಹೊಳೆಯ ನೀರಲ್ಲ. ಬೆಳಗಿನ ಜಾವದಲ್ಲಿ ಮನೆಮನೆಯ ಕಲ್ಲಿನ ಮುಂದೆ ಕುಳಿತ ತಾಯಂದಿರು.