ದೂರದ ವೈದ್ಯರಿಗೆ ಮುಖ ತೋರಿಸುವ ಮುನ್ನ

ಚರ್ಮರೋಗದ ವೈದ್ಯರು ಕಣ್ಣಿನಷ್ಟೇ ಬೆರಳನ್ನೂ ನಂಬುತ್ತಾರೆ. ಕೆಂಪು ಮಚ್ಚೆಯ ಮೇಲೆ ಬೆರಳೊತ್ತಿ ಬಣ್ಣ ಮಾಯವಾಗುವುದೋ ಇಲ್ಲವೋ ನೋಡುತ್ತಾರೆ. ಅದರ ಅಂಚನ್ನು ಸವರಿ, ಉಬ್ಬಿದೆಯೋ ಚರ್ಮದ ಮಟ್ಟಕ್ಕೇ ಇದೆಯೋ ತಿಳಿಯುತ್ತಾರೆ. ರೋಗಿಯ ಗಲ್ಲವನ್ನು ಹಿಡಿದು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸುತ್ತಾರೆ. ಮೊಬೈಲಿನ ಪರದೆಯ ಮೂಲಕ ನಡೆಯುವ ಸಮಾಲೋಚನೆಯಲ್ಲಿ ಈ ಬೆರಳಿಗೆ ಎಡೆಯಿಲ್ಲ. ವೈದ್ಯರ ಬೆರಳು ಮಾಡಬೇಕಾಗಿದ್ದ ಕೆಲಸವನ್ನು ರೋಗಿಯ ಬೆರಳೇ ಮುಂಚಿತವಾಗಿ ಮಾಡಿಟ್ಟಿರಬೇಕು. ಹಾಗೆ ಮಾಡದೆ ಪರದೆಯ ಮುಂದೆ ಕುಳಿತರೆ, ಸಿಕ್ಕುವ ಹತ್ತು ಹದಿನೈದು ನಿಮಿಷಗಳು "ಸ್ವಲ್ಪ ಈ ಕಡೆ ತಿರುಗಿ, ಸರಿಯಾಗಿ ಕಾಣುತ್ತಿಲ್ಲ" ಎಂಬುದರಲ್ಲಿಯೇ ಕಳೆದುಹೋಗುತ್ತವೆ.

2020ರ ಮಾರ್ಚ್ 25ರಂದು ಪ್ರಕಟವಾದ ದೂರವೈದ್ಯಕೀಯ ಮಾರ್ಗಸೂಚಿಯಂತೆ, ಭಾರತದಲ್ಲಿ ನೋಂದಣಿಯಾದ ವೈದ್ಯರು ದೇಶದ ಯಾವ ಭಾಗದ ರೋಗಿಗಾದರೂ ದೂರದಿಂದಲೇ ಸಲಹೆ ನೀಡಬಹುದು. ಅದೇ ವರ್ಷದ ಏಪ್ರಿಲಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ತೆರೆದ ಇ-ಸಂಜೀವನಿಯ ಹೊರರೋಗಿ ಸೇವೆಯಲ್ಲಿ ಈ ಸಲಹೆ ಉಚಿತ. ಹೊರನಾಡ ಕನ್ನಡಿಗರಿಗೆ ಇದರಿಂದ ಒದಗಿದ ಒಂದು ಸೌಕರ್ಯವನ್ನು ವಿಶೇಷವಾಗಿ ಗಮನಿಸಬೇಕು. ಠಾಣೆಯಲ್ಲೋ ದಿಲ್ಲಿಯಲ್ಲೋ ಮಗನ ಮನೆಯಲ್ಲಿರುವ ತಾಯಿ ಇಂದು ಹುಬ್ಬಳ್ಳಿಯ ಇಲ್ಲವೆ ಮಂಗಳೂರಿನ ವೈದ್ಯರೊಡನೆ ತನ್ನ ನುಡಿಯಲ್ಲಿಯೇ ಮಾತನಾಡಬಹುದು. ಹಿಂದಿಯಲ್ಲಿ ಎಲ್ಲಕ್ಕೂ "ಖುಜಲಿ" ಎಂದು ಹೇಳಿ ಮುಗಿಸುವವರು ಕನ್ನಡದಲ್ಲಾದರೆ ನವೆ, ಉರಿ, ಚುರುಚುರು, ನೋವು, ಜೋಮು ಎಂದು ಬಿಡಿಸಿ ಹೇಳಬಲ್ಲರು. ಇವು ಬರಿಯ ಪರ್ಯಾಯಪದಗಳಲ್ಲ. ಇಸುಬು, ದದ್ದು ಮೊದಲಾದವುಗಳಲ್ಲಿ ನವೆ ಮುಂದು. ಕ್ರೀಮುಗಳಿಂದ ಘಾಸಿಗೊಂಡ ಮುಖದಲ್ಲಿ ನವೆಗಿಂತ ಉರಿ ಹೆಚ್ಚು. ಮುಖದ ಒಂದೇ ಪಕ್ಕದಲ್ಲಿ ಮೊದಲು ನೋವು ಬಂದು, ಎರಡು ಮೂರು ದಿನಗಳ ಮೇಲೆ ಗುಳ್ಳೆಗಳ ಗೊಂಚಲು ಎದ್ದರೆ ಅದು ಸರ್ಪಸುತ್ತು ಇರಬಹುದು. ಯಾವ ಮಾತು ತಮಗೆ ಸಲ್ಲುತ್ತದೆಂಬುದನ್ನು ಮೊದಲೇ ಯೋಚಿಸಿಟ್ಟುಕೊಂಡವರು ವೈದ್ಯರ ಅರ್ಧ ಕೆಲಸವನ್ನು ಮಾಡಿದಂತೆಯೇ.

ಆದರೆ ಪರದೆಗಾಗಿ ಕಾಯಬಾರದ ಸಂದರ್ಭಗಳೂ ಉಂಟು. ತುಟಿ, ನಾಲಿಗೆ ಊದಿಕೊಂಡು ಉಸಿರಾಟಕ್ಕೆ ತೊಡಕಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೊಸ ಔಷಧಿಯೊಂದನ್ನು ತೊಡಗಿದ ಕೆಲವು ದಿನ ಅಥವಾ ವಾರಗಳಲ್ಲಿ ಜ್ವರದೊಡನೆ ಬಾಯಲ್ಲಿ ಹುಣ್ಣು, ಕಣ್ಣಿನಲ್ಲಿ ಕೆಂಪು, ಮೈಮೇಲೆ ಗುಳ್ಳೆ ಕಂಡರೂ ಹಾಗೆಯೇ. ಕೆನ್ನೆ ಬಿಸಿಯಾಗಿ, ಊದಿ, ಗಂಟೆಗಂಟೆಗೂ ಹರಡುತ್ತ ಜ್ವರ ಬಂದರೆ ತಡಮಾಡುವುದು ತರವಲ್ಲ. ಸರ್ಪಸುತ್ತಿನ ಗುಳ್ಳೆ ಹಣೆಯಲ್ಲಿಯೋ, ಕಣ್ಣಿನ ಬಳಿಯೋ, ಮೂಗಿನ ತುದಿಯಲ್ಲಿಯೋ ಎದ್ದಿದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಮೂಗಿನ ತುದಿಗೆ ಹೋಗುವ ನರದ ಕವಲು ಕಣ್ಣಿನ ಒಳಕ್ಕೂ ಹೋಗುತ್ತದೆ. ಈ ರೋಗದ ಔಷಧಿಯು ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭವಾದರೆ ಹೆಚ್ಚು ಫಲಕಾರಿ.

ಉಳಿದವರು ಮೊದಲು ಮಾಡಬೇಕಾದುದು ಒಳ್ಳೆಯ ಫೋಟೋ ತೆಗೆದಿಡುವುದು. ವಿಡಿಯೋದಲ್ಲಿ ಮುಖದ ಬಣ್ಣವೂ ಚರ್ಮದ ನಯವೂ ಮಸುಕಾಗುತ್ತವೆ, ಸ್ಥಿರಚಿತ್ರವೇ ಮೇಲು. ಪೌಡರು, ಕಾಡಿಗೆ, ಕುಂಕುಮ, ವಿಭೂತಿಗಳನ್ನು ತಣ್ಣೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಅರ್ಧ ಗಂಟೆ ಬಿಡಬೇಕು. ತೊಳೆದ ಕೂಡಲೇ ಇರುವ ಕೆಂಪು ರೋಗದ್ದಲ್ಲ. ಹಗಲು ಹೊತ್ತಿನಲ್ಲಿ ಬಿಸಿಲು ನೇರವಾಗಿ ಬೀಳದ ಕಿಟಕಿಯ ಎದುರು ಕುಳಿತು, ಮೊಬೈಲಿನ ಹಿಂಬದಿಯ ಕ್ಯಾಮರಾದಿಂದ ಬೇರೊಬ್ಬರ ಕೈಯಲ್ಲಿ ತೆಗೆಸಿಕೊಳ್ಳುವುದು ಲೇಸು. ಮುಂದಿನಿಂದ ಒಂದು, ಎಡಬಲಗಳಿಂದ ಒಂದೊಂದು, ಆಮೇಲೆ ಒಂದು ಗೇಣು ದೂರದಿಂದ ಕಲೆಯದೇ ಒಂದೆರಡು. ಫ್ಲ್ಯಾಷ್ ಬೇಡ. ಮುಖವನ್ನು ನುಣುಪಾಗಿಸಿ ತೋರಿಸುವ ಸೌಂದರ್ಯದ ಕರಾಮತ್ತುಗಳು ಮೊಬೈಲಿನಲ್ಲಿ ತಾವಾಗಿಯೇ ಚಾಲೂ ಇರುತ್ತವೆ. ಮದುವೆಯ ಫೋಟೋಕ್ಕೆ ಅವು ಒಪ್ಪಬಹುದು, ವೈದ್ಯರಿಗೆ ಕಳುಹಿಸುವುದಕ್ಕಲ್ಲ. ಮಚ್ಚೆ ಬಂದು ಹೋಗುವಂಥದಾದರೆ, ಅದು ಎದ್ದು ಕಾಣುವ ದಿನವೇ ತೆಗೆದು ತಾರೀಖನ್ನೂ ಹೊತ್ತನ್ನೂ ಬರೆದಿಡಬೇಕು. ಸಮಾಲೋಚನೆಯ ದಿನ ಅದು ಇರಲೇಬೇಕೆಂಬ ನಿಯಮವೇನೂ ಇಲ್ಲ! ನಮ್ಮ ಗೋದಿ, ಕಪ್ಪು ಮೈಬಣ್ಣಗಳ ಮೇಲೆ ಉರಿಯೂತದ ಕೆಂಪು ಹೆಚ್ಚಾಗಿ ನೇರಳೆಯಾಗಿಯೋ ಕಂದಾಗಿಯೋ ಕಾಣುತ್ತದೆ. ಆದುದರಿಂದ ಮೊದಲಿನ ಬಣ್ಣ ತಿಳಿಯುವಂತೆ ಒಂದು ಹಳೆಯ ಫೋಟೋವನ್ನೂ ಜತೆಗಿಡುವುದು ಉಪಯುಕ್ತ.

ಇನ್ನು ಬೆರಳಿನ ಪರೀಕ್ಷೆ. ಪಾರದರ್ಶಕ ಗಾಜಿನ ಲೋಟದ ಪಕ್ಕವನ್ನು ಕಲೆಗೆ ಒತ್ತಿ, ಬಣ್ಣ ಮಾಯವಾಗುತ್ತದೆಯೇ ಎಂದು ಮನೆಯವರು ನೋಡಲಿ. ಮಾಯವಾಗದಿದ್ದರೆ ರಕ್ತವು ಚರ್ಮದೊಳಗೆ ಒಸರಿರಬಹುದು. ಜತೆಗೆ ಜ್ವರವೂ ಇದ್ದರೆ ಪರದೆಗಾಗಿ ಕಾಯಬಾರದು. ರೋಗಿಯು ಕಣ್ಣು ಮುಚ್ಚಿರುವಾಗ ಹತ್ತಿಯ ಎಳೆಯೊಂದನ್ನು ಮಚ್ಚೆಗೂ ಎದುರು ಕೆನ್ನೆಗೂ ತಾಗಿಸಿ, ಸ್ಪರ್ಶ ಎರಡೂ ಕಡೆ ಒಂದೇ ತೆರನಾಗಿದೆಯೇ ಎಂದು ಕೇಳಲಿ. ಬಣ್ಣಗೆಟ್ಟ ಮಚ್ಚೆಯಲ್ಲಿ ಸ್ಪರ್ಶ ಮಂಕಾಗಿದ್ದರೆ ಕುಷ್ಠರೋಗದ ಶಂಕೆಗೆ ಎಡೆಯುಂಟು. ಮುಖದಲ್ಲಿ ನರಗಳು ದಟ್ಟವಾಗಿರುವುದರಿಂದ ಸ್ಪರ್ಶ ಸರಿಯಾಗಿದ್ದ ಮಾತ್ರಕ್ಕೆ ಶಂಕೆ ಪೂರ್ತಿ ನಿವಾರಣೆಯಾಗದು. ವೈದ್ಯರು ಎದುರಿಗೇ ನೋಡಬೇಕಾಗುತ್ತದೆ. ಹೆದರಬೇಕಾಗಿಲ್ಲ: ಈ ರೋಗಕ್ಕೆ ಪೂರ್ಣ ಚಿಕಿತ್ಸೆ ಇದೆ, ಸರಕಾರಿ ಆರೋಗ್ಯಕೇಂದ್ರಗಳಲ್ಲಿ ಔಷಧಿ ಉಚಿತ. ಮೂಗಿನ ಇಕ್ಕೆಲಗಳಿಂದ ತುಟಿಯಂಚಿಗೆ ಇಳಿಯುವ ಮಡಿಕೆಗಳನ್ನೂ ಗಮನಿಸಬೇಕು. ಹೊಟ್ಟು ಸಹಿತವಾದ ಕೆಂಪು ಆ ಮಡಿಕೆಗಳಲ್ಲಿಯೇ ತುಂಬಿ, ಹುಬ್ಬು ಮತ್ತು ನೆತ್ತಿಯಲ್ಲಿಯೂ ಇದ್ದರೆ ಅದು ತಲೆಹೊಟ್ಟಿನ ಸಂಬಂಧಿ. ಮಡಿಕೆಗಳನ್ನು ಬಿಟ್ಟು ಚಿಟ್ಟೆಯ ರೆಕ್ಕೆಯಂತೆ ಎರಡು ಕೆನ್ನೆಗಳಲ್ಲಿ ಹರಡಿ, ಬಿಸಿಲಿಗೆ ಕೆರಳಿ, ಜತೆಗೆ ಕೀಲುನೋವು, ಬಾಯಿಹುಣ್ಣು, ಕೂದಲುದುರುವಿಕೆ ಇದ್ದರೆ ವೈದ್ಯರು ಲೂಪಸ್ ಎಂಬ ಒಳರೋಗದ ಪರೀಕ್ಷೆ ಮಾಡಿಸಬಹುದು. ಕೀಲುನೋವಿಗೂ ಮುಖಕ್ಕೂ ಏನು ಸಂಬಂಧವೆಂದು ಹೇಳದೆ ಉಳಿಯುವವರೇ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದುದು, ಮುಖಕ್ಕೆ ಈವರೆಗೆ ಏನೇನು ಹಚ್ಚಲಾಗಿದೆ ಎಂಬುದರ ನಿಜವಾದ ಪಟ್ಟಿ. ಇಲ್ಲಿಯೇ ರೋಗಿಗಳು ಸಂಕೋಚಪಡುತ್ತಾರೆ, ಇಲ್ಲಿಯೇ ಚಿಕಿತ್ಸೆ ದಾರಿತಪ್ಪುತ್ತದೆ. ಮುಂಬಯಿಯ ಮಳೆಗಾಲದಲ್ಲಿ, ಲೋಕಲ್ ಗಾಡಿಯ ಬೆವರಿನ ನಡುವೆ, ಗದ್ದದ ಮೇಲೆ ಒಬ್ಬರಿಗೆ ಹುಳುಕಡ್ಡಿ ಎದ್ದಿತೆಂದು ಭಾವಿಸೋಣ. ಪಕ್ಕದ ಔಷಧಿ ಅಂಗಡಿಯಲ್ಲಿ ಕೊಟ್ಟ ಟ್ಯೂಬಿನಲ್ಲಿ ಹುಳುಕಡ್ಡಿಯ ಮದ್ದಿನೊಡನೆ ಬೆಟಾಮೆಥಾಸೋನ್ ಅಥವಾ ಕ್ಲೋಬೆಟಾಸೋಲ್ ಎಂಬ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡೇ ದಿನಗಳಲ್ಲಿ ನವೆ ನಿಂತು ಮುಖ ತಿಳಿಯಾಗುತ್ತದೆ. ಆದರೆ ಶಿಲೀಂಧ್ರವು ಸತ್ತಿರುವುದಿಲ್ಲ. ಅದನ್ನು ತಡೆಯುವ ದೇಹದ ಶಕ್ತಿಯಷ್ಟೇ ಅಲ್ಲಿ ಕುಂದಿರುತ್ತದೆ. ಟ್ಯೂಬು ನಿಲ್ಲಿಸಿದೊಡನೆ ರೋಗ ಮರಳುತ್ತದೆ, ಈ ಸಲ ತನ್ನ ಉಂಗುರದ ಆಕಾರವನ್ನು ಕಳೆದುಕೊಂಡು, ನುರಿತ ವೈದ್ಯರಿಗೂ ಗುರುತು ಸಿಗದ ವೇಷದಲ್ಲಿ. ಭಂಗು ಹೋಗಲೆಂದೋ ಬಣ್ಣ ಬಿಳುಪಾಗಲೆಂದೋ ಮೊಮೆಟಾಸೋನ್ ಬೆರೆತ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚುವವರ ಪಾಡು ಇನ್ನೂ ಕಷ್ಟದ್ದು. ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಬಿಟ್ಟರೆ ಉರಿ ತಾಳಲಾಗದು. ಉರಿಗೆ ಅಂಜಿ ಮತ್ತೆ ಹಚ್ಚುತ್ತಾರೆ. ಸರಕಾರವು 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿರ್ಬಂಧಿಸಿತು. ಅಂಗಡಿಯ ಗಿರಾಕಿಗಳ ಅಭ್ಯಾಸ ಮಾತ್ರ ಕಾನೂನಿನಷ್ಟು ಬೇಗ ಬದಲಾಗಲಿಲ್ಲ.

ಆದುದರಿಂದ ಮನೆಯಲ್ಲಿರುವ ಎಲ್ಲ ಟ್ಯೂಬುಗಳನ್ನು, ಖಾಲಿಯಾದವುಗಳನ್ನೂ, ಒಂದೆಡೆ ಇಟ್ಟು ಅವುಗಳ ಘಟಕಗಳ ಹೆಸರು ಓದುವಂತೆ ಫೋಟೋ ತೆಗೆಯಬೇಕು. ಎಷ್ಟು ದಿನ ಹಚ್ಚಿದ್ದು, ಕೊನೆಯದಾಗಿ ಯಾವಾಗ ಎಂಬುದೂ ಬೇಕು. ಪೇಟೆಯ ಕ್ರೀಮಿನೊಂದಿಗೆ ನಿಂಬೆರಸ, ಬೆಳ್ಳುಳ್ಳಿ, ಹಲ್ಲುಜ್ಜುವ ಪೇಸ್ಟುಗಳನ್ನೂ ಮುಚ್ಚಿಡಬಾರದು. ಬೆಳ್ಳುಳ್ಳಿಯನ್ನು ಅರೆದು ಕಟ್ಟಿದರೆ ಚರ್ಮ ನಿಜಕ್ಕೂ ಸುಡುತ್ತದೆ. ಹಣೆಯ ನಡುವಿನ ಕಲೆಗೆ ಕುಂಕುಮದ ಬಣ್ಣವೋ ಅಂಟುಬಿಂದಿಯ ಗೋಂದೋ ಕಾರಣವಿರಬಹುದು. ಕಿವಿ, ಹಣೆಯಂಚು, ಕಣ್ಣುರೆಪ್ಪೆಗಳು ಊದಿದ್ದರೆ ಕೂದಲಿಗೆ ಹಚ್ಚಿದ ಕಪ್ಪು ಬಣ್ಣದ ದಿನಾಂಕವನ್ನು ನೆನಪಿಸಿಕೊಳ್ಳಬೇಕು. ರಕ್ತದೊತ್ತಡ, ಅಪಸ್ಮಾರ ಮುಂತಾದವುಗಳಿಗೆ ನುಂಗುವ ಮಾತ್ರೆಗಳು, ಊರಿನಿಂದ ತರಿಸಿದ ನಾಟಿ ಔಷಧಿ ಇವೂ ಪಟ್ಟಿಯಲ್ಲಿರಲಿ. ಗರ್ಭಿಣಿಯರು, ಗರ್ಭಧಾರಣೆಯ ಉದ್ದೇಶವಿರುವವರು ಅದನ್ನು ಮೊದಲ ಮಾತಿನಲ್ಲಿಯೇ ಹೇಳತಕ್ಕದ್ದು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಭ್ರೂಣಕ್ಕೆ ಘೋರ ಹಾನಿ ಮಾಡುತ್ತದೆ.

ಫೋಟೋಗಳನ್ನು ವೈದ್ಯರು ಸೂಚಿಸಿದ ಕಡೆಗೆ ಮಾತ್ರ ಕಳುಹಿಸಬೇಕು. ಬಂಧುಬಳಗದ ವಾಟ್ಸಾಪಿಗೆ ಹೋದರೆ ಸಲಹೆಗಳೂ ಟ್ಯೂಬುಗಳ ಹೆಸರುಗಳೂ ಪುಂಖಾನುಪುಂಖವಾಗಿ ಬಂದಾವು. ಚೀಟಿಯ ಮೇಲೆ ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಸಹಿ, ದಿನಾಂಕ ಇವೆಯೇ ನೋಡಿಕೊಳ್ಳಬೇಕು. ಚರ್ಮವನ್ನು ಕೆರೆದು ಪರೀಕ್ಷಿಸಬೇಕು, ಇಲ್ಲವೆ ತುಣುಕು ತೆಗೆದು ನೋಡಬೇಕು ಎಂದು ವೈದ್ಯರು ಹೇಳಿದರೆ ಹತ್ತಿರದ ಆಸ್ಪತ್ರೆಗೆ ಹೋಗಲೇಬೇಕು. ಸ್ಟೀರಾಯ್ಡ್ ಟ್ಯೂಬನ್ನು ಒಮ್ಮೆಗೇ ಬಿಡಬೇಕೋ ಕ್ರಮೇಣ ಬಿಡಬೇಕೋ ಎಂಬುದನ್ನೂ, ಬಿಟ್ಟಮೇಲೆ ಉರಿ ಎಷ್ಟು ದಿನ ಇರಬಹುದೆಂಬುದನ್ನೂ ಕೇಳಿ ಬರೆದುಕೊಳ್ಳಬೇಕು; ಅದು ಮೊದಲೇ ಗೊತ್ತಿದ್ದರೆ ನಡುವೆ ಎದೆಗುಂದಿ ಹಳೆಯ ಟ್ಯೂಬಿಗೆ ಕೈ ಹಾಕುವ ಪ್ರಸಂಗ ಬಾರದು. ಎರಡನೆಯ ಸಮಾಲೋಚನೆಗೆ ತೆಗೆಯುವ ಫೋಟೋಗಳಿಗೆ ಅದೇ ಕಿಟಕಿ, ಅದೇ ಹೊತ್ತು, ಅದೇ ದೂರ ಇರಲಿ. ಬೆಳಕು ಬದಲಾದರೆ ಗುಣವಾದುದು ಮುಖವೋ ಫೋಟೋವೋ ವೈದ್ಯರಿಗೆ ತಿಳಿಯದು.