ಅಳೆದೂ ಸುರಿದೂ ನಿರ್ಧಾರ ಮಾಡುವುದು ಹೇಗೆ?

"ವರ್ಜೀನಿಯಾದಲ್ಲೇ ಇರೋದಾ, ಅಟ್ಲಾಂಟಾಗೆ ಹೋಗೋದಾ, ಇಲ್ಲ ನಾರ್ತ್ ಕೆರೋಲಿನಾದಲ್ಲಿ ಮನೆ ತೊಗೊಳ್ಳೋದಾ?" ನಮ್ಮವರ ಯಾವ ಪಾಟ್‌ಲಕ್‌ಗೆ ಹೋದರೂ ಈ ಚರ್ಚೆ ಇದ್ದದ್ದೇ.

ದೊಡ್ಡ ಕಂಪನಿಗಳಿಗೂ ಇದೇ ಪೇಚಾಟ. 2017ರಲ್ಲಿ ಅಮೆಜಾನ್ ತನ್ನ ಎರಡನೇ ಮುಖ್ಯ ಕಚೇರಿಗೆ ಊರು ಹುಡುಕಿದಾಗ 238 ಪ್ರಸ್ತಾವಗಳು ಬಂದವು. ಜನಸಂಖ್ಯೆ, ವಿಮಾನ ನಿಲ್ದಾಣ ಮುಂತಾಗಿ ತನಗೆ ಏನೇನು ಬೇಕೆಂದು ಅದು ಮೊದಲೇ ಬರೆದು ತಿಳಿಸಿತ್ತು. 2018ರ ಜನವರಿಯಲ್ಲಿ ಉಳಿದ 20ರಲ್ಲಿ ಅಟ್ಲಾಂಟಾ, ರಾಲಿ, ವಾಷಿಂಗ್ಟನ್ ಮೂರೂ ಇದ್ದವು. ಕೊನೆಗೆ ವರ್ಜೀನಿಯಾದ ಆರ್ಲಿಂಗ್ಟನ್‌ಗೆ ಕಚೇರಿ ಬಂತು.

ನಾವು ಎಂಜಿನಿಯರುಗಳು ಬಳಸುವ ವಿಧಾನ ಸರಳ. ಮೊದಲು, ಇಲ್ಲದಿದ್ದರೆ ಆಗದು ಎನ್ನುವ ಷರತ್ತುಗಳನ್ನು ಬರೆಯಿರಿ. ಅದಕ್ಕೆ ಹೊಂದದ ಊರನ್ನು ಆಗಲೇ ಬಿಡಿ. ಆಮೇಲೆ ಉಳಿದ ವಿಷಯಗಳಿಗೆ ಒಟ್ಟು 100 ಬರುವಂತೆ ತೂಕ ಹಂಚಿ. ಪ್ರತಿ ಊರಿಗೂ ಪ್ರತಿ ವಿಷಯಕ್ಕೂ 10ಕ್ಕೆ ಅಂಕ ಕೊಡಿ. ತೂಕದಿಂದ ಗುಣಿಸಿ ಕೂಡಿಸಿ.

ಒಂದು ಕಾಲ್ಪನಿಕ ಉದಾಹರಣೆ:

ತೂಕ: ಕೆಲಸ 35, ಮನೆ ಬೆಲೆ 30, ಶಾಲೆ 20, ಕನ್ನಡ ಬಳಗ 15.

ವರ್ಜೀನಿಯಾ: 9, 4, 9, 8 = 735
ಅಟ್ಲಾಂಟಾ: 7, 7, 7, 8 = 715
ರಾಲಿ: 6, 8, 8, 6 = 700

ವರ್ಜೀನಿಯಾ ಗೆದ್ದಿತು ಎಂದು ಕುಣಿಯಬೇಡಿ! ಕೆಲಸದ ತೂಕದಿಂದ ಬರೀ 5 ತೆಗೆದು ಮನೆಗೆ ಕೊಟ್ಟು ನೋಡಿ. ಅಟ್ಲಾಂಟಾ 715ರಲ್ಲೇ ನಿಂತು ಮೊದಲಾಗುತ್ತದೆ, ಉಳಿದೆರಡೂ 710. ಅಂದರೆ 20 ಅಂಕದ ಅಂತರಕ್ಕೆ ಅರ್ಥವಿಲ್ಲ. ನಿಜವಾದ ಪ್ರಶ್ನೆ ಊರಿನದಲ್ಲ, ನಮಗೆ ಕೆಲಸ ಹೆಚ್ಚೋ ಸಾಲದ ಹೊರೆ ಇಳಿಯುವುದು ಹೆಚ್ಚೋ ಎಂಬುದು.

ಹಾಗಾಗಿ ನನ್ನ ಸಲಹೆ: ಗಂಡ, ಹೆಂಡತಿ ಇಬ್ಬರೂ ಬೇರೆಬೇರೆ ಕೂತು ತೂಕ ಬರೆಯಿರಿ, ಅಂಕ ಕೊಡುವ ಮೊದಲೇ. ಮನಸ್ಸಿನಲ್ಲಿರುವ ಊರು ಗೆಲ್ಲಲೆಂದು ಆಮೇಲೆ ತೂಕ ತಿದ್ದುವುದು ಬಹಳ ಸುಲಭ. ಎರಡೂ ಹಾಳೆ ಪಕ್ಕಪಕ್ಕ ಇಟ್ಟರೆ ಒಬ್ಬರ "ಕನ್ನಡ ಬಳಗ" 5, ಇನ್ನೊಬ್ಬರದು 30 ಇರಬಹುದು. ಕೆಲಸಕ್ಕೆ ಹೋಗುವವರಿಗೆ ಆಫೀಸಿನಲ್ಲಿ ಜನ ಸಿಗುತ್ತಾರೆ. ಮನೆಯಲ್ಲಿರುವವರಿಗೆ, ಊರಿಂದ ಬರುವ ಅಪ್ಪ ಅಮ್ಮನಿಗೆ ಬಳಗವೇ ಗತಿ. ದೊಡ್ಡ ಮಕ್ಕಳಿದ್ದರೆ ಅವರಿಗೂ ಒಂದು ಹಾಳೆ ಕೊಡಿ.

ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲೇ ಗೆಳೆಯ ಪ್ರೀಸ್ಟ್ಲಿಗೆ ಇಂಥದೇ ಉಪಾಯ ಬರೆದಿದ್ದ: ಪರ, ವಿರೋಧ ಕಾರಣಗಳನ್ನು ಎರಡು ಅಂಕಣದಲ್ಲಿ ಮೂರು ನಾಲ್ಕು ದಿನ ಬರೆಯುತ್ತಾ ಹೋಗು, ಸಮತೂಕದವನ್ನು ಹೊಡೆದುಹಾಕು ಎಂದು. ಆ ಮೂರು ನಾಲ್ಕು ದಿನ ಮುಖ್ಯ. ಮನೆ ನೋಡಿದ ಸಂಜೆಯೇ ಅಂಕ ಹಾಕಬೇಡಿ.